ಕೆರ ಹೊಲಿದವರ ಹೆಸರೇನು?

ಬಲ್ಬು ಕಂಡುಹಿಡಿದವರು ಯಾರು? ಎಡಿಸನ್. ಟೆಲಿಫೋನು? ಗ್ರಹಾಂ ಬೆಲ್. ವಿಮಾನ? ರೈಟ್ ಸೋದರರು. ಪಾರಿಶ್ವಾಡದಂಥ ಹಳ್ಳಿಯಲ್ಲೂ ಪಟ್ಟಣದಲ್ಲೂ ಮಕ್ಕಳ ಬಾಯಿಪಾಠ ಇದೇ. ಸಾಮಾನ್ಯ ಜ್ಞಾನದ ಪುಸ್ತಕಗಳು ಕಟ್ಟಿದ ಈ ಅಮೆರಿಕಾ ಪುರಾಣವನ್ನು ಒಪ್ಪಿಸಿಯೇ ನಾವೂ ಪಾಸಾದೆವು. ಈಗ ಅದರ ಮ್ಯಾಲೆ ನಮ್ಮ ತಕರಾರಿದೆ.

ತಕರಾರು ಎಡಿಸನ್ನನ ಮ್ಯಾಲೆ ಅಲ್ಲ, ಈ ಪಟ್ಟಿಯ ಮ್ಯಾಲೆ. ಬೆಲ್ಲನ 1876ರ ಪೇಟೆಂಟಿಗೆ ನಕ್ಷೆ ಬರೆದವನು ಲೂಯಿಸ್ ಲ್ಯಾಟಿಮರ್, ಗುಲಾಮಗಿರಿಯಿಂದ ಓಡಿಬಂದ ತಂದೆತಾಯಿಯ ಮಗ. ಬಲ್ಬಿನೊಳಗಿನ ಇಂಗಾಲದ ಎಳೆ ತಯಾರಿಸುವ ಉತ್ತಮ ವಿಧಾನಕ್ಕೆ 1882ರಲ್ಲಿ ಪೇಟೆಂಟು ಪಡೆದವನೂ ಅವನೇ. ಆಮೇಲೆ ಎಡಿಸನ್ನನ ಕಂಪನಿಯಲ್ಲೇ ದುಡಿದ. ಬಾಯಿಪಾಠದಲ್ಲಿ ಅವನಿಲ್ಲ. ಅದಕ್ಕೂ ಮೊದಲು, 1858ರಲ್ಲಿ, ಅಲ್ಲಿನ ಅಟಾರ್ನಿ ಜನರಲ್ ತೀರ್ಮಾನ ಕೊಟ್ಟಿದ್ದ: ಗುಲಾಮ ಕಂಡುಹಿಡಿದದ್ದಕ್ಕೆ ಪೇಟೆಂಟಿಲ್ಲ. ಮನುಷ್ಯನೇ ಇನ್ನೊಬ್ಬನ ಸೊತ್ತಾದ ಮ್ಯಾಲೆ ಅವನ ತಲೆಯೊಳಗಿನ ವಿಚಾರಕ್ಕೆ ಹೆಸರೆಲ್ಲಿಯದು?

ನಮಗೆ ಇನ್ನೂ ಹತ್ತಿರದವನು ಯಾನ್ ಮಾಟ್ಸೆಲಿಗರ್. ಸುರಿನಾಮಿನಿಂದ ಹೋದ ಕಪ್ಪು ಹುಡುಗ, ಲಿನ್ ಪಟ್ಟಣದ ಬೂಟಿನ ಕಾರ್ಖಾನೆಯಲ್ಲಿ ಕೂಲಿ. ಅಚ್ಚಿನ ಮ್ಯಾಲೆ ತೊಗಲು ಎಳೆದು ಅಟ್ಟೆಗೆ ಕೂಡಿಸೋದು ಯಂತ್ರದಿಂದ ಆಗೋದಲ್ಲ ಅಂತಿದ್ದರು. ಅವನು ಮಾಡಿ ತೋರಿಸಿದ, 1883ರಲ್ಲಿ ಪೇಟೆಂಟು. ನುರಿತ ಕೈ ದಿನಕ್ಕೆ 50 ಜೋಡಿ ಮಾಡಿದರೆ ಯಂತ್ರ 150ರಿಂದ 700. ಬೂಟಿನ ಬೆಲೆ ಇಳಿಯಿತು, ಬಂಡವಾಳದವರು ಬೆಳೆದರು. ಅವನು 1889ರಲ್ಲಿ, 36ರ ವಯಸ್ಸಿಗೆ, ಕ್ಷಯದಿಂದ ಸತ್ತ. ಆ ಊರಿನ ಹಲವು ಚರ್ಚುಗಳು ಅವನ ಬಣ್ಣ ನೋಡಿ ಬಾಗಿಲು ಹಾಕಿದ್ದವು.

ಇದು ದೂರದ ಕತೆ ಏನ್ರೀ? ನಮ್ಮದೇ ಜಿಲ್ಲೆಯ ಅಥಣಿಗೆ ಬರ್ರಿ. ಜಾಲಿ ತೊಗಟೆ, ಅಣಲೆಕಾಯಿ ಹಾಕಿ ಹದ ಮಾಡಿದ ತೊಗಲು. ಮೊಳೆ ಹೊಡೆಯದೆ ತೊಗಲಿನ ದಾರದಲ್ಲೇ ಹೊಲಿದ ಅಟ್ಟೆ. ಹೆಣ್ಣುಮಕ್ಕಳು ಹೆಣೆದ ಜಡೆ. ಇದು ರಸಾಯನಶಾಸ್ತ್ರ ಅಲ್ಲೇನು? ಪೇಟೆಯಲ್ಲಿ ಮಾತ್ರ ಅದು 'ಕೊಲ್ಹಾಪುರಿ'. 2019ರಲ್ಲಿ ಬಂದ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ಬೆಳಗಾವಿಯೂ ಸೇರಿ ಕರ್ನಾಟಕದ 4 ಜಿಲ್ಲೆಗಳಿವೆ, ಹೆಸರು ಕೊಲ್ಹಾಪುರದ್ದೇ. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಇಂಥದೇ ಚಪ್ಪಲಿಯನ್ನು ಮಿಲಾನಿನಲ್ಲಿ ಮೆರೆಸಿತು. ಗದ್ದಲವಾದ ಮ್ಯಾಲೆ ಭಾರತದ ಕಸುಬುದಾರರ ಋಣ ಒಪ್ಪಿತು. ಆಗಲೂ ಊರಿಗೆ ಹೆಸರು ಬಂತು, ಕೈಗೆ ಬರಲಿಲ್ಲ.

ತೊಡೆಯ ತೊಗಲು ಸುಲಿದು ಬಸವಣ್ಣನಿಗೆ ಕೆರ ಮಾಡಿದ ಹರಳಯ್ಯನ ಕತೆ ಕೇಳಿ ಕಣ್ಣೊರೆಸಿಕೊಳ್ಳುವ ನಾಡಿದು. ಅವನ ಭಕ್ತಿಗೆ ಕೈಮುಗಿಯಿತು. ಅವನ ಕೈಯ ಕೆಲಸವನ್ನು ವಿದ್ಯೆ ಅನ್ನಲಿಲ್ಲ. ವಿದ್ಯೆ ಅಂದರೆ ಅಕ್ಷರ, ತೊಗಲು ಅಂದರೆ ಮೈಲಿಗೆ ಎಂಬ ಲೆಕ್ಕವೇ ನಮ್ಮ 1858ರ ತೀರ್ಮಾನ. ಅದಕ್ಕೆ ಸರಕಾರದ ಸಹಿ ಬೇಕಾಗಲಿಲ್ಲ, ಅಷ್ಟೇ.

ಹಳ್ಳಿಯ ಮಾಸ್ತರರೇ, ನಾಳೆ ಎಡಿಸನ್ ಪಾಠ ಮಾಡುವಾಗ ಲ್ಯಾಟಿಮರ್, ಮಾಟ್ಸೆಲಿಗರ್ ಹೆಸರನ್ನೂ ಬೋರ್ಡಿನ ಮ್ಯಾಲೆ ಬರೆಯಿರಿ. ಆಮೇಲೆ ಕೇಳಿರಿ: ನಿಮ್ಮ ಕೆರ ಹೊಲಿದವರ ಹೆಸರೇನು? ಮಕ್ಕಳಿಗೆ ಗೊತ್ತಿಲ್ಲದಿದ್ದರೆ ಆ ಕೇರಿಗೆ ಕರಕೊಂಡು ಹೋಗಿ ಕೇಳಿಸಿ, ಬರೆಸಿರಿ. ಅವರ ಅನುಮತಿ ಇದ್ದರೆ ಆ ಹೆಸರನ್ನೂ ಅದೇ ಬೋರ್ಡಿಗೆ ಹಾಕಿರಿ.