ಹರಿಕಥಾಮೃತಸಾರದಲ್ಲಿ ಎಣಿಕೆ

ಮಾನ್ವಿಯ ಜಗನ್ನಾಥದಾಸರ (೧೭೨೮–೧೮೦೯) ‘ಹರಿಕಥಾಮೃತಸಾರ’ವನ್ನು ಪಾರಾಯಣ ಮಾಡುವ ಮನೆಗಳು ನಮ್ಮ ಸೀಮೆಯಲ್ಲಿ ಇಂದಿಗೂ ಉಂಟು, ಅದನ್ನು ಕಾವ್ಯವೆಂದು ಪರಿಶೀಲಿಸುವವರು ಮಾತ್ರ ವಿರಳ. ಅಂಥವರಿಗೂ ಒಂದು ತೊಡಕು ಎದುರಾಗುವುದು. ಇಷ್ಟು ಶ್ವಾಸಗಳು, ಇಷ್ಟು ನಾಡಿಗಳು ಎಂದು ಕವಿಯು ಎಣಿಸುತ್ತ ಹೋದಾಗ, ಇದು ಅಂಗಡಿಯ ಕಿರ್ದಿಯೇ ಹೊರತು ಕಾವ್ಯವಲ್ಲವೆಂದು ಕೆಲವರು ಮೂಗು ಮುರಿಯುವರು. ನಮ್ಮ ಹಿರಿಯರು ಯಂತ್ರಗಳಿಲ್ಲದೆಯೇ ಶರೀರವನ್ನು ಅಳೆದಿದ್ದರೆಂದು ಮತ್ತೆ ಕೆಲವರು ಹಿಗ್ಗುವರು. ವಸ್ತುವನ್ನು ಅಳೆಯುವುದು ಬೇರೆ, ಅಳೆಯತಕ್ಕ ಮಾನವನ್ನು ಗೊತ್ತುಪಡಿಸುವುದು ಬೇರೆ. ಈ ಭೇದವನ್ನು ಎರಡು ಪಕ್ಷದವರೂ ಗಮನಿಸಿದಂತೆ ತೋರದು.

ಶ್ವಾಸಸಂಧಿಯ ಲೆಕ್ಕವನ್ನೇ ನೋಡೋಣ. ಗಳಿಗೆಯೊಂದಕ್ಕೆ ೩೬೦ ಶ್ವಾಸಗಳು. ಅರವತ್ತು ಗಳಿಗೆಗಳ ಅಹೋರಾತ್ರಿಗೆ ೨೧,೬೦೦. ಇದು ಯಾರೋ ಮೂಗಿನ ಮುಂದೆ ಕುಳಿತು ಎಣಿಸಿ ಪಡೆದ ಸಂಖ್ಯೆಯಲ್ಲ. ಹತ್ತು ಗುರ್ವಕ್ಷರಗಳನ್ನು ಉಚ್ಚರಿಸುವ ಕಾಲಕ್ಕೆ ಜ್ಯೋತಿಷಸಿದ್ಧಾಂತಗಳಲ್ಲಿ ‘ಪ್ರಾಣ’ವೆಂದು ಹೆಸರು. ಆರು ಪ್ರಾಣಗಳು ಒಂದು ವಿಗಳಿಗೆ. ಅರವತ್ತು ವಿಗಳಿಗೆಗಳು ಒಂದು ಗಳಿಗೆ. ವೃತ್ತದಲ್ಲಿಯೂ ೩೬೦ ಅಂಶಗಳು, ಅಂಶಕ್ಕೆ ೬೦ ಕಲೆಗಳು, ಒಟ್ಟು ೨೧,೬೦೦ ಕಲೆಗಳು. ಆದುದರಿಂದ ಒಂದು ಪ್ರಾಣಕಾಲದಲ್ಲಿ ನಕ್ಷತ್ರಮಂಡಲವು ಒಂದು ಕಲೆಯಷ್ಟು ತಿರುಗಿದಂತೆ ಕಾಣುವುದು. ಇಂದಿನ ಗಡಿಯಾರದಲ್ಲಿ ಅದು ಸುಮಾರು ೪ ಸೆಕೆಂಡು. ಅಂದರೆ ನಿಮಿಷಕ್ಕೆ ೧೫ ಶ್ವಾಸಗಳು. ವಿಶ್ರಾಂತಿಯಲ್ಲಿರುವ ವಯಸ್ಕನು ನಿಮಿಷಕ್ಕೆ ೧೨ರಿಂದ ೨೦ ಸಲ ಉಸಿರಾಡುವನೆಂದು ವೈದ್ಯರು ಹೇಳುವುದರಿಂದ ಈ ಮಾನವು ಯುಕ್ತವಾದುದೇ. ಶಿಶುವಿಗೂ ಜ್ವರಪೀಡಿತನಿಗೂ ಅದು ಹೊಂದದು, ಹೊಂದಬೇಕಾಗಿಯೂ ಇಲ್ಲ. ಸೇರು ಧಾನ್ಯದ ರಾಶಿಯನ್ನು ನೋಡಿ ಹುಟ್ಟಿದುದಲ್ಲ. ರಾಶಿಯನ್ನೇ ಸೇರಿನಿಂದ ಅರಿಯುತ್ತೇವೆ.

ಪರಂಪರೆಯಿಂದ ಬಂದ ಈ ಮಾನವನ್ನು ಕವಿಯು ಬೇರೊಂದು ಪ್ರಯೋಜನಕ್ಕೆ ತಿರುಗಿಸಿದ್ದಾನೆ. ಉಸಿರು ತನ್ನದೆನ್ನುವವನು ದಿನವೊಂದರ ಉಸಿರನ್ನಾದರೂ ಎಣಿಸಬಲ್ಲನೇ? ಅವನು ನಿದ್ರಿಸುವಾಗ ಲೆಕ್ಕ ತಪ್ಪದಂತೆ ನಡೆಯಿಸುವವರಾರು? ಒಳಗಿದ್ದು ಹಂಸಮಂತ್ರವನ್ನು ಜಪಿಸುವವನು ಪ್ರಾಣದೇವನೆಂಬುದು ಕವಿಯ ಉತ್ತರ. ಆ ಸಿದ್ಧಾಂತವನ್ನು ಒಪ್ಪದ ವಾಚಕನಿಗೂ ತನ್ನ ಮಮಕಾರವು ಒಂದು ಕ್ಷಣ ಸಡಿಲಿದಂತಾಗುವುದು. ಇಲ್ಲಿ ಸಂಖ್ಯೆಯೇ ಭಾವವನ್ನು ಹೊತ್ತಿದೆ.

ನಾಡೀಪ್ರಕರಣಸಂಧಿಗೆ ಇದೇ ಮೆಚ್ಚಿಕೆಯನ್ನು ಸಲ್ಲಿಸಲಾಗದು. ಕಾಲುಗಳಲ್ಲಿ ೧೨,೦೦೦, ನಡುದೇಹದಲ್ಲಿ ೧೪,೦೦೦, ತೋಳುಗಳಲ್ಲಿ ೪,೦೦೦, ಶಿರದಲ್ಲಿ ೬,೦೦೦. ಕೂಡಿದರೆ ೩೬,೦೦೦ ನಾಡಿಗಳು. ವರ್ಷಕ್ಕೆ ೩೬೦ ದಿನಗಳಂತೆ ನೂರು ವರ್ಷಗಳ ದಿನಗಳೂ ಅಷ್ಟೇ; ಇರುಳುಗಳನ್ನು ಸೇರಿಸಿದರೆ ೭೨,೦೦೦. ಪೂರ್ಣಾಯುಷ್ಯವನ್ನೇ ಅಂಗಾಂಗಗಳಲ್ಲಿ ಹಂಚಿಟ್ಟ ಈ ಕಲ್ಪನೆಯು ನಿಜಕ್ಕೂ ಘನವಾದುದು. ಆದರೆ ಉಸಿರಿನಂತೆ ನಾಡಿಗಳು ವಾಚಕನ ಅನುಭವಕ್ಕೆ ಬಾರವು. ಹಗಲಿರುಳುಗಳ ಸೂಚನೆಯನ್ನು ಹಿಡಿಯದವನು ಬರಿದೆ ಮೊತ್ತ ಕೂಡುತ್ತ ಕುಳಿತುಕೊಳ್ಳುವನು. ಇಲ್ಲಿ ವ್ಯಾಖ್ಯಾನದ ಊರೆಗೋಲು ಬೇಕೇ ಬೇಕು. ಕಿರ್ದಿಯೆಂಬ ಆಕ್ಷೇಪವು ಇಷ್ಟರ ಮಟ್ಟಿಗೆ ನ್ಯಾಯವಾದುದು.

ಆದರೂ ಎಣಿಕೆಯು ಕಾವ್ಯಕ್ಕೆ ಹೊರಗಿನದೆಂಬ ಮಾತು ಸಲ್ಲದು. ಈ ಗ್ರಂಥದ ಭಾಮಿನಿಯ ಪದ್ಯವೊಂದರಲ್ಲಿ ೧೦೨ ಮಾತ್ರೆಗಳಿರುವುವು. ಕೇಳುವವನು ಅವುಗಳನ್ನು ಎಣಿಸನು, ನಡೆಯನ್ನು ಸವಿಯುವನು. ಇಂದು ಮಣಿಕಟ್ಟಿನ ಗಡಿಯಾರವೇ ನಮ್ಮ ಹೆಜ್ಜೆಗಳನ್ನೂ ಎದೆಬಡಿತಗಳನ್ನೂ ಎಣಿಸಿ, ಇಷ್ಟು ನಿನ್ನ ಗಳಿಕೆಯೆಂದು ತೋರಿಸುವುದು. ಅದೇ ದೇಹದ ಎಣಿಕೆಯಿಂದ ದಾಸರು, ಇಷ್ಟೂ ನಿನಗೆ ದೊರೆತುದೆಂದು ನೆನಪಿಸುವರು. ಅಂಕೆಗಳನ್ನು ಯಾವ ಪ್ರಶ್ನೆಗೆ ಉತ್ತರವಾಗಿ ಇಟ್ಟಿದೆಯೆಂಬುದನ್ನು ಮೊದಲು ವಿಚಾರಿಸಿ ಈ ಸಂಧಿಗಳನ್ನು ಓದಬೇಕೆಂದು ವಾಚಕರಲ್ಲಿ ನಮ್ಮ ವಿಜ್ಞಾಪನೆ.