ಎಡಗೈಗೆ ಕಿವಿಗೊಟ್ಟರೆ

ಪಿಯಾನೋ ಸಂಗೀತವನ್ನು ಹೊಸದಾಗಿ ಕೇಳತೊಡಗಿದವರಲ್ಲಿ ಹೆಚ್ಚಿನವರು ಕೇಳುವುದು ಬಲಗೈಯನ್ನು. ಹಾಡಿನಂಥದ್ದು ಏನಿದ್ದರೂ ಸಾಮಾನ್ಯವಾಗಿ ಅಲ್ಲೇ ಇರುತ್ತದೆ, ಮೇಲಿನ ಸ್ಥಾಯಿಯಲ್ಲಿ ಎದ್ದು ಕೇಳುತ್ತದೆ, ಬೆರಳುಗಳ ಓಟವೂ ಅಲ್ಲೇ ಕಣ್ಣಿಗೆ ಬೀಳುತ್ತದೆ. ಎಷ್ಟೋ ಕೃತಿಗಳಲ್ಲಿ ಇದರಿಂದ ದೊಡ್ಡ ನಷ್ಟವೇನೂ ಇಲ್ಲ. ಆದರೆ ಎರಡು ಕೈಗಳೂ ಒಂದೇ ಎಣಿಕೆಯನ್ನು ಬೇರೆ ಬೇರೆ ರೀತಿಯಲ್ಲಿ ಪಾಲು ಮಾಡುವ ಕೃತಿಗಳಿವೆ: ಒಂದು ಕೈ ಮೂರು ಸ್ವರ ನುಡಿಸುವ ಹೊತ್ತಿಗೆ ಇನ್ನೊಂದು ನಾಲ್ಕು ನುಡಿಸಿರುತ್ತದೆ. ಅಲ್ಲಿ ಬಲಗೈಯನ್ನಷ್ಟೇ ಹಿಂಬಾಲಿಸಿದರೆ ವೇಗ ಕೇಳುತ್ತದೆ, ಲಯ ತಪ್ಪಿಹೋಗುತ್ತದೆ. ಇಂಥ ಕೃತಿಗಳನ್ನು ಎಡಗೈಯಿಂದ ಕೇಳಬೇಕು ಎನ್ನುವುದು ನನ್ನ ವಾದ. ನುಡಿಸಲು ಕಲಿಯುವವರು ಹೇಗೂ ಈ ದಾರಿಯಲ್ಲೇ ಹೋಗಬೇಕಾಗುತ್ತದೆ. ಪಿಯಾನೋ ಮುಟ್ಟದ ರಸಿಕರೂ ಅವರ ಜೊತೆ ಒಂದಷ್ಟು ದೂರ ನಡೆಯಬಹುದು.

ಉದಾಹರಣೆಗೆ ಶೋಪ್ಯಾನ್‌ನ ‘ಫ್ಯಾಂಟಸಿ ಇಂಪ್ರಾಂಪ್ಟು’ ತೆಗೆದುಕೊಳ್ಳೋಣ. ಪಿಯಾನೋ ಕಲಿಯುವವರು ಹಂಬಲಿಸುವ, ಹೆದರುವ ಕೃತಿಗಳಲ್ಲಿ ಇದೂ ಒಂದು. ಸಿ ಶಾರ್ಪ್ ಮೈನರ್‌ನಲ್ಲಿರುವ ಇದನ್ನು ಅವನು 1834ರಲ್ಲಿ, ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಬರೆದ, ಬದುಕಿರುವಾಗ ಪ್ರಕಟಿಸಲಿಲ್ಲ. 1849ರಲ್ಲಿ ಅವನು ತೀರಿಕೊಂಡ ಮೇಲೆ ಗೆಳೆಯ ಯೂಲಿಯನ್ ಫೊಂಟಾನಾ 1855ರಲ್ಲಿ ಅಚ್ಚು ಹಾಕಿಸಿದ. ಹೆಸರಿನಲ್ಲಿರುವ ‘ಫ್ಯಾಂಟಸಿ’ ಕೂಡ ಅವನು ಸೇರಿಸಿದ್ದು. ಕೃತಿ ಶುರುವಾಗುವ ಬಗೆಯನ್ನು ಗಮನಿಸಿ. ಮೊದಲು ಗಟ್ಟಿಯಾಗಿ ಒಂದು ಸ್ವರ, ಎರಡು ಸ್ಥಾಯಿಯಲ್ಲಿ ಒಟ್ಟಿಗೆ ಮೊಳಗಿ, ತಾನಾಗಿಯೇ ಕ್ಷೀಣಿಸುವವರೆಗೆ ನಿಲ್ಲುತ್ತದೆ. ಆಮೇಲೆ ಎಡಗೈ ಒಂದೇ ಏರಿಳಿಯತೊಡಗುತ್ತದೆ, ಎಣಿಕೆಗೆ ಮೂರು ಸ್ವರದಂತೆ. ಎರಡು ಆವರ್ತದಷ್ಟು ಹೊತ್ತು ಬೇರೇನೂ ಇಲ್ಲ. ಈ ನಡೆ ಕಿವಿಯಲ್ಲಿ ನೆಲೆಯೂರಿದ ಮೇಲಷ್ಟೇ ಬಲಗೈಗೆ ಪ್ರವೇಶ, ಅದು ಎಣಿಕೆಗೆ ನಾಲ್ಕು ಸ್ವರದಂತೆ. ಆದರೆ ಬಲಗೈಯ ಮೊದಲ ಜಾಗ ಖಾಲಿ! ಎಣಿಕೆಯ ಪೆಟ್ಟನ್ನು ಎಡಗೈಯೊಂದೇ ಹಾಕುತ್ತದೆ, ಬಲಗೈ ಕೂದಲೆಳೆಯಷ್ಟು ತಡೆದು ಎತ್ತಿಕೊಳ್ಳುತ್ತದೆ. ಕೇಳುಗನ ತಾಳವನ್ನು ಎಡಗೈಗೆ ಒಪ್ಪಿಸಿಯೇ ಶೋಪ್ಯಾನ್ ಮುಂದಿನ ಮಾತು ಆಡುತ್ತಾನೆ.

ಇದನ್ನು ಕಲಿಯುವವರ ಕಷ್ಟ ಏನೆಂದು ತಿಳಿಯಲು ಇನ್ನೂ ಸರಳವಾದ ಲೆಕ್ಕದಿಂದ ಶುರುಮಾಡಬೇಕು: ಒಂದು ಕೈಗೆ ಮೂರು, ಇನ್ನೊಂದಕ್ಕೆ ಎರಡು. ಕನ್ನಡ ಶಾಲೆಯಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿದವರಿಗೆ ಇದು ಸುಲಭ. ಎಣಿಕೆಯನ್ನು ಆರು ಮಾತ್ರೆ ಮಾಡಿ. ಮೂರರ ಕೈ ಎರಡೆರಡು ಮಾತ್ರೆಗೊಮ್ಮೆ ಬೀಳುತ್ತದೆ, ಎರಡರ ಕೈ ಮೂರು ಮೂರು ಮಾತ್ರೆಗೊಮ್ಮೆ. ಎರಡನ್ನೂ ಸೇರಿಸಿ ಕೇಳಿದರೆ ಸಿಗುವುದು ಗುರು, ಲಘು, ಲಘು, ಗುರು. ‘ತಾವರೆಹೂ’ ಎಂದು ನಿಲ್ಲಿಸದೆ ಹೇಳುತ್ತಾ ತೊಡೆಯ ಮೇಲೆ ತಟ್ಟಿ ನೋಡಿ: ‘ತಾ’ಗೆ ಎರಡೂ ಕೈ, ‘ವ’ಕ್ಕೆ ಬಲಗೈ, ‘ರೆ’ಗೆ ಎಡಗೈ, ‘ಹೂ’ಗೆ ಮತ್ತೆ ಬಲಗೈ. ನಾಲ್ಕಾರು ಸಲದಲ್ಲಿ ಕೈ ಹಿಡಿಯುತ್ತದೆ. ನಾಲ್ಕಕ್ಕೆ ಮೂರರ ಲೆಕ್ಕಕ್ಕಾದರೆ ಹನ್ನೆರಡು ಮಾತ್ರೆ ಬೇಕು. ಅಲ್ಲಿ ಸಿಗುವ ಪ್ರಸ್ತಾರ ಪ್ಲುತ, ಲಘು, ಗುರು, ಗುರು, ಲಘು, ಪ್ಲುತ. ಹಿಂದಿನಿಂದ ಓದಿದರೂ ಅದೇ. ಪಿಯಾನೋ ಕಲಿಯುವವರು ಕಾಗದದ ಮೇಲೆ ಗೆರೆ ಎಳೆದು, ಯಾವ ಸ್ವರ ಯಾವುದರ ಆಚೆ ಬೀಳುತ್ತದೆಂದು ಗುರುತು ಹಾಕಿಕೊಂಡು, ಆಮೆಯ ವೇಗದಲ್ಲಿ ಸಾಧನೆ ಮಾಡುವುದು ಇದನ್ನೇ.

ಆದರೆ ಈ ಲೆಕ್ಕ ಮೊದಲ ಮೆಟ್ಟಿಲು ಮಾತ್ರ, ಅಲ್ಲೇ ಕೂತವರಿಗೆ ಕೃತಿ ಒಲಿಯುವುದಿಲ್ಲ. ನಿಮಿಷಕ್ಕೆ 160 ಎಣಿಕೆಯ ಕಾಲಪ್ರಮಾಣದಲ್ಲಿ ಇದನ್ನು ನುಡಿಸಿದರೆ ಎಡಗೈ ಸೆಕೆಂಡಿಗೆ ಎಂಟು ಸ್ವರ ನುಡಿಸುತ್ತದೆ, ಬಲಗೈ ಹತ್ತಕ್ಕೂ ಹೆಚ್ಚು. ಹನ್ನೆರಡರಲ್ಲಿ ಒಂದು ಮಾತ್ರೆಗೆ ಸಿಗುವ ಕಾಲ ಸೆಕೆಂಡಿನ 32ರಲ್ಲಿ ಒಂದು ಪಾಲು. ಅದನ್ನು ಎಣಿಸುವ ಮನಸ್ಸು ಇಲ್ಲ. ಇನ್ನೊಂದು ತೊಡಕೂ ಇದೆ. ಎರಡು ಕೈಗಳ ಸ್ವರಗಳನ್ನು ಒಂದೇ ಸಾಲಾಗಿ ಪೋಣಿಸಿ ನುಡಿಸಿದರೆ ನಡಿಗೆ ಕುಂಟುತ್ತದೆ, ಏಕೆಂದರೆ ಆ ಪ್ರಸ್ತಾರವೇ ಉದ್ದ ಗಿಡ್ಡಗಳ ಸಾಲು. ಕೃತಿಗೆ ಬೇಕಾದ್ದು ಅದಲ್ಲ. ಎಡಗೈ ತನ್ನಷ್ಟಕ್ಕೆ ತಾನು ಸಮನಾಗಿ ಹರಿಯಬೇಕು, ಬಲಗೈ ತನ್ನಷ್ಟಕ್ಕೆ ತಾನು ಸಮನಾಗಿ ಹರಿಯಬೇಕು, ಇಬ್ಬರ ಭೇಟಿ ಎಣಿಕೆಯ ಪೆಟ್ಟಿನಲ್ಲಿ ಮಾತ್ರ. ಹಾಗಾಗಿ ಕಲಿಯುವವರು ಒಂದು ಹಂತದ ನಂತರ ಗೆರೆಗಳನ್ನು ಮರೆತು, ಪ್ರತಿ ಕೈಯನ್ನೂ ಬೇರೆಯಾಗಿ ನೀರು ಕುಡಿದಷ್ಟು ಸುಲಭವಾಗುವವರೆಗೆ ಪಳಗಿಸುತ್ತಾರೆ. ಆಮೇಲೆ ಎಡಗೈಯನ್ನು ಅದರ ಪಾಡಿಗೆ ಬಿಟ್ಟು, ಪೆಟ್ಟಿನಿಂದ ಪೆಟ್ಟಿಗೆ ಬಲಗೈಯನ್ನು ತಂದು ಮುಟ್ಟಿಸುತ್ತಾರೆ. ರಸಿಕರ ಕೈಗೆ ಸಿಗುವ ಒರೆಗಲ್ಲು ಕೂಡ ಇಲ್ಲೇ ಇದೆ. ವಾದಕರು ಎಷ್ಟು ಬೇಗ ನುಡಿಸಿದರು ಎಂದು ನೋಡಬೇಡಿ. ಬಲಗೈ ಮೇಲೆ ಬಂದು ಕೂತಾಗ ಎಡಗೈಯ ಮೂರರ ನಡೆ ಮೊದಲಿನಷ್ಟೇ ನಿರಾಳವಾಗಿದೆಯೇ, ಅಥವಾ ನಾಲ್ಕರ ಕಡೆಗೆ ವಾಲಿತೇ? ಅದನ್ನು ಕೇಳಿ.

ಕರ್ನಾಟಕ ಸಂಗೀತ ಬಲ್ಲವರು ಇಲ್ಲೊಂದು ಆಕ್ಷೇಪ ಎತ್ತಬಹುದು: ತಿಶ್ರ, ಚತುರಶ್ರ ನಡೆಗಳು ನಮಗೆ ಹೊಸತೇ? ‘ತಕಿಟ’, ‘ತಕದಿಮಿ’ ಎಂದು ಹೇಳಿಕೊಂಡೇ ಬೆಳೆದವರಿಗೆ ಕೈಪಿಡಿ ಏಕೆ? ಆಕ್ಷೇಪ ಅರ್ಧ ಸರಿ. ತನಿ ಆವರ್ತನ ಕೇಳಿ ಪಳಗಿದ ಕಿವಿಗೆ ಈ ಸಂಗೀತದ ಬಾಗಿಲು ಬೇಗ ತೆರೆಯುತ್ತದೆ, ಆ ಅನುಕೂಲವನ್ನು ಬಳಸಿಕೊಳ್ಳಲೇಬೇಕು. ಆದರೆ ನಮ್ಮಲ್ಲಿ ತಾಳ ಬಹಿರಂಗವಾಗಿರುತ್ತದೆ. ಗಾಯಕರು ತೊಡೆಯ ಮೇಲೆ ಹಾಕುತ್ತಾರೆ, ಸಭೆಯೂ ಹಾಕುತ್ತದೆ. ಮೃದಂಗದವರು ನಡೆ ಬದಲಿಸಿದಾಗ ಸಾಮಾನ್ಯವಾಗಿ ಒಂದು ಹೋಗಿ ಇನ್ನೊಂದು ಬರುತ್ತದೆ. ಇಲ್ಲಿ ಎರಡು ನಡೆಗಳೂ ಒಟ್ಟಿಗೆ, ಒಬ್ಬರ ಮೈಯಿಂದಲೇ ಹೊರಡುತ್ತವೆ, ತಾಳ ಹಾಕುವವರು ಯಾರೂ ಇಲ್ಲ. ಆ ಕೆಲಸವನ್ನು ಎಡಗೈಗೆ ವಹಿಸಿಕೊಡುವುದು ಕೇಳುಗನಿಗೆ ಬಿಟ್ಟದ್ದು. ಮನೆಯಲ್ಲಿ ಧ್ವನಿಮುದ್ರಣ ಹಾಕಿಕೊಂಡು, ಎಡಗೈ ಒಂದೇ ನುಡಿಯುವ ಆ ಭಾಗದಲ್ಲಿ ಮೆಲ್ಲಗೆ ತಾಳ ಹಿಡಿದು, ಬಲಗೈ ಬಂದ ಮೇಲೂ ಬಿಡದೆ ಮುಂದುವರಿಸಿ ನೋಡಿ. ಬಲಗೈಯ ಓಟ ಆಗ ತಾಳದ ಮೇಲೆ ಹಾರುವ ಸ್ವರಪ್ರಸ್ತಾರವಾಗಿ ಕೇಳತೊಡಗುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಸಮನಾದ ಹರಿವೇ ಗುಣವಾದರೆ, ಕಂಪ್ಯೂಟರಿಗೆ ಸ್ವರ ತುಂಬಿ ನುಡಿಸಿದರೆ ಸಾಕಲ್ಲ? ಅದು ಒಂದು ಎಳೆಯೂ ತಪ್ಪುವುದಿಲ್ಲ, ಆದರೂ ಅದನ್ನು ಕೇಳಿ ಯಾರ ಮನಸ್ಸೂ ಅರಳುವುದಿಲ್ಲ. ನಿಜ. ಸಮ ಎಂದರೆ ಗಡಿಯಾರದ ಸಮ ಅಲ್ಲ. ದೊಡ್ಡ ವಾದಕರ ಬಲಗೈ ಸಾಲಿನ ತುದಿಗೆ ಏರುವಾಗ ಒಂದಿಷ್ಟು ಹಿಂಜರಿಯುತ್ತದೆ, ಇಳಿಯುವಾಗ ಆ ಸಾಲವನ್ನು ತೀರಿಸುತ್ತದೆ. ಹೀಗೆ ಎಳೆದು ಬಿಡುವುದಕ್ಕೆ ಅಲ್ಲಿ ‘ರೂಬಾಟೊ’ ಎನ್ನುತ್ತಾರೆ. ಆದರೆ ಎಳೆತ ಕೇಳಬೇಕಾದರೆ ಎಳೆಯದೆ ನಿಂತದ್ದು ಏನಾದರೂ ಇರಬೇಕು. ಶೋಪ್ಯಾನ್‌ನ ಶಿಷ್ಯ ಕರೋಲ್ ಮಿಕುಲಿ ತನ್ನ ಗುರುವಿನ ನುಡಿಸಾಣಿಕೆಯ ಬಗ್ಗೆ ಹೇಳುವುದೂ ಇದನ್ನೇ: ಹಾಡುವ ಕೈ ಸ್ವತಂತ್ರ, ಜೊತೆ ಕೊಡುವ ಕೈ ಕಟ್ಟುನಿಟ್ಟು. ಎಡಗೈಯೇ ವಾದ್ಯವೃಂದದ ನಾಯಕ ಎಂಬ ಅರ್ಥದ ಶೋಪ್ಯಾನ್‌ನ ಮಾತನ್ನು ಇನ್ನೊಬ್ಬ ಶಿಷ್ಯ ವಿಲ್ಹೆಲ್ಮ್ ಫಾನ್ ಲೆಂಝ್ ದಾಖಲಿಸಿದ್ದಾನೆ. ಅದಕ್ಕೂ ಮುಂಚೆ, 1777ರಲ್ಲಿ ಮೊಟ್ಸಾರ್ಟ್ ತಂದೆಗೆ ಬರೆದ ಪತ್ರದಲ್ಲಿ ಬಲಗೈ ಎಳೆದಾಡುವಾಗಲೂ ತನ್ನ ಎಡಗೈಗೆ ಅದರ ಸುದ್ದಿಯೇ ಇರುವುದಿಲ್ಲ, ಜನಕ್ಕೆ ಇದು ಅರ್ಥವಾಗುವುದಿಲ್ಲ ಎಂದು ಹೇಳಿಕೊಂಡಿದ್ದಾನೆ. ಯಂತ್ರ ಎರಡೂ ಕೈಗಳನ್ನು ಬಿಗಿದು ನಿಲ್ಲಿಸುತ್ತದೆ. ಅರೆಬೆಂದ ವಾದಕರು ಎರಡನ್ನೂ ಒಟ್ಟಿಗೆ ಸಡಿಲಿಸುತ್ತಾರೆ. ಎರಡು ಕಡೆಯೂ ಕೈಗಳ ನಡುವಿನ ಸಂಬಂಧ ಸತ್ತುಹೋಗಿರುತ್ತದೆ.

ಇಷ್ಟೆಲ್ಲ ತಲೆ ಕೆಡಿಸಿಕೊಂಡರೆ ಸುಮ್ಮನೆ ಕೇಳಿ ಸುಖಪಡುವುದು ಯಾವಾಗ ಎಂದು ಕೇಳುವವರಿಗೂ ಉತ್ತರ ಕೃತಿಯೊಳಗೇ ಇದೆ. ಮಧ್ಯದಲ್ಲಿ ಬಿರುಸು ನಿಂತು, ಡಿ ಫ್ಲಾಟ್ ಮೇಜರ್‌ನಲ್ಲಿ ಬಲಗೈ ದೀರ್ಘವಾಗಿ ಹಾಡುತ್ತದೆ; ಎಡಗೈಯ ಅಲೆ ಕೆಳಗೆ ಸಾಗುತ್ತಲೇ ಇರುತ್ತದೆ. ಮೊದಲ ಭಾಗ ಮರಳಿ ಬಂದು ಅಬ್ಬರ ಇಳಿದ ಮೇಲೆ, ಮುಗಿಯುವ ಮುಂಚೆ ಆ ಹಾಡು ಇನ್ನೊಮ್ಮೆ ಕೇಳುತ್ತದೆ. ಈ ಸಲ ಅದನ್ನು ಹಾಡುವುದು ಎಡಗೈ, ತಗ್ಗಿನ ಸ್ಥಾಯಿಯಲ್ಲಿ. ಬಲಗೈ ಮೇಲೆ ಮೆಲುವಾಗಿ ಸುಳಿಯುತ್ತಿರುತ್ತದೆ. ಬಲಗೈಯನ್ನೇ ಹಿಂಬಾಲಿಸಿಕೊಂಡು ಬಂದ ಕೇಳುಗ ಈ ಹಾಡನ್ನು ಕೈತಪ್ಪಿಸಿಕೊಳ್ಳಬಹುದು. ಸುಖ ಬೇಡವೆಂದು ಯಾರೂ ಹೇಳುತ್ತಿಲ್ಲ, ಕೃತಿಯ ಅತ್ಯಂತ ಕೋಮಲವಾದ ಸುಖ ಕೆಳಗಡೆ ಇದೆ ಎಂದಷ್ಟೇ ಹೇಳುತ್ತಿರುವುದು.

ಅಭ್ಯಾಸಕ್ಕೆ ಮಾತ್ರ ಶೋಪ್ಯಾನ್‌ನ ಈ ಕೃತಿಯಿಂದಲೇ ಹೊರಡಬೇಕಿಲ್ಲ. 1891ರಲ್ಲಿ ಪ್ರಕಟವಾದ ಡೆಬ್ಯುಸಿಯ ಮೊದಲನೆಯ ‘ಅರಬೆಸ್ಕ್’ನಲ್ಲಿ ಮೂರಕ್ಕೆ ಎರಡರ ‘ತಾವರೆಹೂ’ ಬಿಡುವಾಗಿ ಅರಳುತ್ತದೆ, ಮೊದಲು ಅದನ್ನು ಕೇಳಿ. ಮೊಶೆಲೆಸ್ ಮತ್ತು ಫೆಟಿಸ್ ಸಿದ್ಧಪಡಿಸುತ್ತಿದ್ದ ಪಾಠಪುಸ್ತಕಕ್ಕೆಂದು ಶೋಪ್ಯಾನ್ 1839ರಲ್ಲಿ ಬರೆದ ಮೂರು ಎಟ್ಯೂಡ್‌ಗಳಲ್ಲಿ ಎ ಫ್ಲಾಟ್ ಮೇಜರ್‌ನದು ಮೂರಕ್ಕೆ ಎರಡು, ಎಫ್ ಮೈನರ್‌ನದು ಮೂರಕ್ಕೆ ನಾಲ್ಕು. ಎರಡೂ ಚಿಕ್ಕವು, ಆತುರವಿಲ್ಲದವು. ಇವನ್ನೆಲ್ಲ ದಾಟಿ ಬಂದವರಿಗೆ ನನ್ನ ವಾದವನ್ನೇ ಪರೀಕ್ಷೆಗೆ ಒಡ್ಡುವ ಕೃತಿ ಲಿಗೆಟಿಯ ‘ದೆಸೋರ್ದ್’, 1985ರ ಮೊದಲ ಎಟ್ಯೂಡ್ ಪುಸ್ತಕದ ಮೊದಲನೆಯದು. ಅಲ್ಲಿ ಬಲಗೈಗೆ ಬಿಳಿ ಮನೆಗಳು ಮಾತ್ರ, ಎಡಗೈಗೆ ಕಪ್ಪು ಮನೆಗಳು ಮಾತ್ರ. ಪೆಟ್ಟುಗಳು ಒಟ್ಟಿಗೆ ಬೀಳುತ್ತಾ ಶುರುವಾಗುತ್ತವೆ. ಸ್ವಲ್ಪದರಲ್ಲೇ ಬಲಗೈಯ ಪೆಟ್ಟು ಒಂದು ಸ್ವರದಷ್ಟು ಮುಂದೆ ಬಿದ್ದು, ಆ ಅಂತರ ಬೆಳೆಯುತ್ತಾ ಹೋಗುತ್ತದೆ. ಕೂಡುವ ಜಾಗವೇ ಕಳೆದುಹೋಗುವ ಇಂಥ ಕಡೆ ಎಡಗೈಯನ್ನು ಹಿಡಿದು ಏನು ಪ್ರಯೋಜನ? ಪ್ರಯೋಜನ ಇಲ್ಲೇ ಹೆಚ್ಚು. ಎಡಗೈಯ ಪೆಟ್ಟುಗಳನ್ನು ಬಿಡದೆ ಹಿಡಿದವರಿಗೆ ಬಲಗೈ ತನ್ನಿಂದ ಎಷ್ಟು ದೂರ ಹೋಗಿದೆ ಎಂಬುದು ಹೆಜ್ಜೆ ಹೆಜ್ಜೆಗೂ ತಿಳಿಯುತ್ತದೆ. ಬಿಟ್ಟವರಿಗೆ ಅದು ಬರೀ ಗದ್ದಲ.