ಗಾಯ್, ಗಾವ್, ಕೌ ಮತ್ತು ನಮ್ಮ ಆಕಳು

ಕನ್ನಡದ ಪತ್ರಿಕೆಗಳಲ್ಲಿ, ಶಾಲೆಗಳ ಸ್ಮರಣ ಸಂಚಿಕೆಗಳಲ್ಲಿ, ಭಾಷೆಯ ಬಗೆಗಿನ ಭಾಷಣಗಳಲ್ಲಿ ಒಂದು ಪಟ್ಟಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಎಡಗಡೆ ಪಿತೃ, ಮಾತೃ, ಭ್ರಾತೃ, ತ್ರಿ, ನಾಮ. ಬಲಗಡೆ ಫಾದರ್, ಮದರ್, ಬ್ರದರ್, ತ್ರೀ, ನೇಮ್. ಕೆಳಗೊಂದು ಉದ್ಗಾರ: ನೋಡಿ, ಇಂಗ್ಲಿಷಿಗೂ ಸಂಸ್ಕೃತವೇ ತಾಯಿ! ಪಟ್ಟಿ ಸುಳ್ಳಲ್ಲ. ಉದ್ಗಾರ ಸುಳ್ಳು. ಅದಕ್ಕಿಂತ ಹೆಚ್ಚಾಗಿ ನಮ್ಮನ್ನು ಕಾಡುವುದು, ಆ ಪಟ್ಟಿಯಲ್ಲಿ ನಮ್ಮ ಮನೆಮಾತಿಗೆ ಯಾವತ್ತೂ ಜಾಗ ಸಿಗದೆ ಇರುವುದು.

ಕಲ್ಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದ ವಿಲಿಯಂ ಜೋನ್ಸ್ 1786ರ ಫೆಬ್ರವರಿಯಲ್ಲಿ ಏಷಿಯಾಟಿಕ್ ಸೊಸೈಟಿಯ ಮುಂದೆ ಮಾಡಿದ ಭಾಷಣದಿಂದ ಈ ಚರ್ಚೆಗೆ ಬಲ ಬಂತು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು, ಆ ಮೂಲ ಈಗ ಬಹುಶಃ ಉಳಿದಿಲ್ಲ ಎಂದರು ಅವರು. ಅಂದರೆ ಸಂಸ್ಕೃತ ಈ ಕುಟುಂಬದ ತಾಯಿಯಲ್ಲ, ಅಕ್ಕತಂಗಿಯರಲ್ಲಿ ಒಬ್ಬಳು. ಹಳೆಯ ಫಾರಸಿಯನ್ನೂ ಇದೇ ಕುಟುಂಬಕ್ಕೆ ಸೇರಿಸಬಹುದು ಎಂದೂ ಅವರು ಹೇಳಿದ್ದರು. ಜೋನ್ಸ್ ಸಂಸ್ಕೃತ ಕಲಿಯುವ ಮೊದಲೇ, 1771ರಲ್ಲಿ, ಫಾರಸಿ ವ್ಯಾಕರಣ ಬರೆದವರು. ನಮ್ಮ ಲೇಖನಗಳಲ್ಲಿ ಈ ಫಾರಸಿಯ ಭಾಗ ಮಾತ್ರ ಯಾಕೋ ಉದುರಿಹೋಗುತ್ತದೆ.

ಪದಗಳು ಕಿವಿಗೆ ಒಂದೇ ತರಹ ಕೇಳಿಸಿದರೆ ಸಂಬಂಧ ಸಿದ್ಧವಾಗುವುದಿಲ್ಲ. ಫಾರಸಿಯಲ್ಲಿ ‘ಬದ್’ ಎಂದರೆ ಕೆಟ್ಟದ್ದು, ಇಂಗ್ಲಿಷಿನಲ್ಲಿ ‘ಬ್ಯಾಡ್’ ಎಂದರೂ ಕೆಟ್ಟದ್ದು. ಉಚ್ಚಾರಣೆ ಹತ್ತಿರ, ಅರ್ಥ ಒಂದೇ; ಆದರೂ ಇವೆರಡಕ್ಕೂ ನಂಟಿಲ್ಲ, ಬರೀ ಆಕಸ್ಮಿಕ. ಸಂಬಂಧ ತೋರಿಸುವುದು ಧ್ವನಿಗಳ ನಿಯಮ. ಜರ್ಮನಿಯ ಯಾಕೋಬ್ ಗ್ರಿಮ್ 1822ರಲ್ಲಿ ಅದನ್ನು ವಿವರವಾಗಿ ಬಿಡಿಸಿಟ್ಟರು. ಸಂಸ್ಕೃತದ ಪಕಾರ ಇಂಗ್ಲಿಷಿನಲ್ಲಿ ಫಕಾರ, ದಕಾರ ಟಕಾರ, ಗಕಾರ ಕಕಾರ. ಪಾದ ಫುಟ್ ಆಗುವುದು, ದಶ ಟೆನ್ ಆಗುವುದು ಹೀಗೆ.

ಈಗ ಅದೇ ಅಳತೆಗೋಲನ್ನು ಅಂಕಲಗಿಯ ಒಂದು ಮುಸಲ್ಮಾನ ಮನೆಗೆ ತನ್ನಿ. ಪಾಂವ್, ದೋ, ದಸ್, ದಾಂತ್, ಗಾಯ್. ಇಂಗ್ಲಿಷಿನಲ್ಲಿ ಫುಟ್, ಟೂ, ಟೆನ್, ಟೂತ್, ಕೌ. ನಿಯಮ ಒಂದು ಕೂದಲೂ ತಪ್ಪುವುದಿಲ್ಲ. ಪಕ್ಕದ ಮರಾಠಿ ಮನೆಯಲ್ಲೂ ಹಾಗೆಯೇ: ಪಾಯ್, ದೋನ್, ದಹಾ, ದಾತ್, ಗಾಯ್. ಫಾರಸಿಯಲ್ಲಿ ಹಸುವಿಗೆ ‘ಗಾವ್’. ಸಂಸ್ಕೃತದ ಚಕ್ರ, ಫಾರಸಿಯಿಂದ ನಮಗೆ ಬಂದ ಚರಖಾ, ಇಂಗ್ಲಿಷಿನ ವ್ಹೀಲ್ ಒಂದೇ ಬೇರಿನವು; ಕಿವಿಗೆ ಮಾತ್ರ ಹಾಗನ್ನಿಸುವುದಿಲ್ಲ. ಇನ್ನೂ ಮೋಜಿನದು ಪೈಜಾಮಾ. ಫಾರಸಿಯ ‘ಪಾಯ್’ ಎಂದರೆ ಕಾಲು, ‘ಜಾಮಾ’ ಎಂದರೆ ಉಡುಪು. ‘ಫುಟ್’ ಶಬ್ದದ ಖಾಸಾ ಸಹೋದರ ಈ ಪಾಯ್, ಉರ್ದು-ಹಿಂದಿಯ ಕೈಹಿಡಿದು ಪೈಜಾಮಾದೊಳಗೆ ಕುಳಿತು ಇಂಗ್ಲಿಷ್ ನಿಘಂಟಿಗೆ ಹೋಗಿದ್ದಾನೆ. ಮನೆಯಲ್ಲಿ ಮೊದಲೇ ಇದ್ದ ಅಣ್ಣನಿಗೆ ಗುರುತೂ ಸಿಕ್ಕಿಲ್ಲ.

ಹಾಗಾದರೆ ಉರ್ದುವನ್ನು ಹೊರಗಿನ ಭಾಷೆ, ಅರಬಸ್ಥಾನದ ಭಾಷೆ ಎನ್ನುವ ಮಾತು ಎಲ್ಲಿಂದ ಬಂತು? ಲಿಪಿಯಿಂದ. ಅರಬ್ಬಿ ಸೆಮೆಟಿಕ್ ಕುಟುಂಬದ್ದು, ಹೀಬ್ರೂವಿನ ಬಂಧು. ಉರ್ದು ಅದರಿಂದ ಅಕ್ಷರಗಳನ್ನೂ ಸಾವಿರಾರು ಪದಗಳನ್ನೂ ಪಡೆಯಿತು, ಹೆಚ್ಚಾಗಿ ಫಾರಸಿಯ ಮೂಲಕ. ಆದರೆ ಅದರ ಕ್ರಿಯಾಪದಗಳ ನಡೆ, ಸರ್ವನಾಮ, ಎಣಿಕೆ ಎಲ್ಲವೂ ಈ ನೆಲದ್ದೇ. ಭಾಷೆಗೆ ಧರ್ಮದ ಚೀಟಿ ಅಂಟಿಸುವವರು ಕರ್ನಾಟಕದ ಮುಸಲ್ಮಾನರ ಮನೆಮಾತುಗಳನ್ನು ಒಂದು ಸಲ ಸಾಲಾಗಿ ಇಟ್ಟು ನೋಡಬೇಕು. ದಕ್ಖನಿ ಇಂಡೋ-ಆರ್ಯನ್. ಭಟ್ಕಳದ ನವಾಯತಿಯೂ ಅದೇ, ಕೊಂಕಣಿಯ ನೆರೆ. ದಕ್ಷಿಣ ಕನ್ನಡದ ಬ್ಯಾರಿ ದ್ರಾವಿಡ. ಒಂದೇ ಜಮಾತಿನಲ್ಲಿ ನಮಾಜು ಮಾಡುವವರು ಎರಡು ಭಾಷಾಕುಟುಂಬಗಳಿಗೆ ಸೇರಿದ್ದಾರೆ.

ಕನ್ನಡದ ಮಾತು ಬೇರೆ. ಅದು ಈ ಮರದ ಕೊಂಬೆಯೇ ಅಲ್ಲ. ಮದರಾಸಿನ ಅಧಿಕಾರಿ ಎಲ್ಲಿಸ್ 1816ರಲ್ಲಿ, ಕಾಲ್ಡ್‌ವೆಲ್ 1856ರಲ್ಲಿ ತಮಿಳು, ತೆಲುಗು, ಕನ್ನಡಗಳದ್ದು ಪ್ರತ್ಯೇಕ ಕುಟುಂಬವೆಂದು ತೋರಿಸಿದರು. ಆದ್ದರಿಂದಲೇ ಕನ್ನಡಿಗರೊಬ್ಬರು ಪಿತೃ-ಫಾದರ್ ಪಟ್ಟಿಯನ್ನು ಹೆಮ್ಮೆಯಿಂದ ಓದುವಾಗ ನಮಗೆ ಒಳಗೊಳಗೇ ನಗು ಬರುತ್ತದೆ. ಆ ಮದುವೆಯ ಮನೆಯಲ್ಲಿ ಅವರ ಅಪ್ಪ, ಅವ್ವ, ಕಾಲು, ಹಲ್ಲು, ಆಕಳು ಯಾರಿಗೂ ಆಮಂತ್ರಣವಿಲ್ಲ. ಅವರು ಹೊರಗಿನದೆಂದು ಬಗೆದ ಉರ್ದು ಮಾತ್ರ ಒಳಗೆ ಪಂಕ್ತಿಯಲ್ಲಿ ಕೂತಿದೆ. 1981ರ ಗೋಕಾಕ ವರದಿಯ ಕಾಲದ ಜಗಳವನ್ನು ನೆನೆಸಿಕೊಳ್ಳಿ. (ಅದು ನಮ್ಮ ತಾಲೂಕಿನ ಹೆಸರಲ್ಲ, ವಿ.ಕೃ. ಗೋಕಾಕರದು, ಇದನ್ನು ನಾವು ಎಷ್ಟೋ ಜನರಿಗೆ ಬಿಡಿಸಿ ಹೇಳಿದ್ದೇವೆ.) ಪ್ರೌಢಶಾಲೆಯಲ್ಲಿ ಸಂಸ್ಕೃತ ಪ್ರಥಮ ಭಾಷೆಯಾಗಿದ್ದದ್ದು ಅದರ ಮೂಲ. ಆಮೇಲೆ ಆತಂಕ ಉರ್ದು, ಮರಾಠಿಯವರಿಗೂ ಹಬ್ಬಿತು. ಪರಸ್ಪರ ವಿರೋಧಿಗಳಂತೆ ನಿಂತ ಸಂಸ್ಕೃತ, ಉರ್ದು, ಮರಾಠಿ, ಇಂಗ್ಲಿಷ್ ನಾಲ್ಕೂ ಒಂದೇ ಬಳಗದವು.

ಇಷ್ಟು ಹೇಳಿ ಉರ್ದುವಿಗೆ ಒಂದು ಕುಲಪತ್ರ ಬರೆಸಿಕೊಟ್ಟಂತಾಯಿತು ಎಂದು ನಿಲ್ಲಿಸಬಹುದಿತ್ತು. ಆದರೆ ಕುಲದ ಲೆಕ್ಕ ಭಾಷೆಯ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ಉಳಿದರ್ಧ ನಮ್ಮೂರಿನ ಸಂತೆಯಲ್ಲಿದೆ.

ಪುಸ್ತಕದ ಉರ್ದುವಿನಲ್ಲಿ ‘ಉಸನೇ ಕಹಾ ಕೆ ಮೈಂ ಆವೂಂಗಾ’. ಇಂಗ್ಲಿಷಿನಲ್ಲೂ ಅದೇ ಕಟ್ಟು: ಮೊದಲು ‘ಹೇಳಿದ’, ಆಮೇಲೆ ‘ದ್ಯಾಟ್’, ಕೊನೆಗೆ ಹೇಳಿದ್ದು. ಬಂಧುಗಳ ನಡಿಗೆ ಒಂದೇ. ಅಂಕಲಗಿಯ ನಮ್ಮ ಮನೆಯಲ್ಲಿ ಯಾರೂ ಹಾಗೆ ಆಡುವುದಿಲ್ಲ. ‘ಆತೂಂ ಬೋಲ್‌ಕೇ ಬೋಲ್ಯಾ’ ಎನ್ನುತ್ತೇವೆ. ನೆರೆಮನೆಯವರು ‘ಬರ್ತೀನಿ ಅಂತ ಹೇಳ್ಯಾನ’ ಎನ್ನುತ್ತಾರೆ. ಪದಗಳು ಸಂಸ್ಕೃತದ ಕಡೆಯವು, ಕಟ್ಟು ಪೂರ್ತಿ ಕನ್ನಡದ್ದು. ಉರ್ದು ಶಾಲೆಯಲ್ಲಿ ಇದಕ್ಕೆ ಕೆಂಪು ಗೆರೆ ಬೀಳುತ್ತದೆ.

ಲಿಂಗದ ವಿಷಯ ಇನ್ನೂ ಸ್ವಾರಸ್ಯ. ಪುಸ್ತಕದ ಉರ್ದುವಿನಲ್ಲಿ ಕುರ್ಸಿ ಹೆಣ್ಣು, ದರ್ವಾಜಾ ಗಂಡು, ಕಿತಾಬು ಹೆಣ್ಣು. ಹಳೆಯ ಇಂಗ್ಲಿಷ್ ಕೂಡ ಹೀಗೆಯೇ ಇತ್ತು: ಸೂರ್ಯ ಹೆಣ್ಣು, ಚಂದ್ರ ಗಂಡು, ‘ವೈಫ್’ ಎಂಬ ಪದ ನಪುಂಸಕ! ಹದಿಮೂರು-ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಅದನ್ನೆಲ್ಲ ಬಿಟ್ಟುಕೊಟ್ಟು ಹೀ, ಶೀ, ಇಟ್ ಎಂಬ ಸರಳ ವ್ಯವಸ್ಥೆಗೆ ಬಂತು. ಸಮುದ್ರ ದಾಟಿ ಬಂದು ಊರೂರಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯದವರ ಜೊತೆಗಿನ ಬಾಳುವೆ ಅದಕ್ಕೊಂದು ಕಾರಣವೆಂದು ಹಲವು ವಿದ್ವಾಂಸರು ಹೇಳುತ್ತಾರೆ. ಹೀ, ಶೀ, ಇಟ್ ಅಂದರೆ ಅವನು, ಅವಳು, ಅದು. ಈ ವಿಷಯದಲ್ಲಿ ಇಂಗ್ಲಿಷ್ ತನ್ನ ರಕ್ತಸಂಬಂಧಿ ಉರ್ದುವಿಗಿಂತ, ಸಂಬಂಧವೇ ಇಲ್ಲದ ಕನ್ನಡಕ್ಕೆ ಹತ್ತಿರ.

ಇಂಥದ್ದೇ ಬದಲಾವಣೆ ನಮ್ಮ ಗಡಿಯಲ್ಲೂ ಆಗಿದೆ. ಸಾಂಗಲಿ ಪಕ್ಕದ ಕುಪವಾಡದಲ್ಲಿ ಕನ್ನಡ ಆಡುವ ಜೈನರು, ಉರ್ದುವಿನ ಮುಸಲ್ಮಾನರು, ಮರಾಠಿಯ ದಲಿತರು ತಲೆಮಾರುಗಳಿಂದ ಕೂಡಿ ಬದುಕಿದ್ದಾರೆ. ಜಾನ್ ಗುಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಈ ಊರಿನ ಮಾತಿನ ಬಗ್ಗೆ ಪ್ರಕಟಿಸಿದ ಲೇಖನ ಜಗತ್ಪ್ರಸಿದ್ಧ. ಅಲ್ಲಿನ ಮೂರೂ ಮಾತುಗಳ ವ್ಯಾಕರಣ ಎಷ್ಟು ಹತ್ತಿರ ಬಂದಿತ್ತೆಂದರೆ, ಪದಕ್ಕೆ ಪದ ಇಟ್ಟರೆ ಅನುವಾದ ಮುಗಿಯಿತು. ಉರ್ದು, ಮರಾಠಿಗಳು ಕನ್ನಡದ ಲಿಂಗವ್ಯವಸ್ಥೆ ಹಿಡಿದಿದ್ದವು. ಕನ್ನಡವೂ ಸುಮ್ಮನೆ ಕೂತಿರಲಿಲ್ಲ. ‘ಈ ಮನೆ ನಿಮ್ಮದು’ ಎಂಬಲ್ಲಿಗೆ ನಿಲ್ಲದೆ, ಉರ್ದುವಿನ ‘ಹೈ’ ಇದ್ದಂತೆ ಕೊನೆಗೊಂದು ‘ಐತಿ’ ಸೇರಿಸಿಕೊಂಡಿತ್ತು. ಆದರೂ ಮನೆಯೊಳಗಿನ ಪದಗಳನ್ನು ಯಾರೂ ಬಿಟ್ಟುಕೊಟ್ಟಿರಲಿಲ್ಲ. ತಾನು ಯಾರ ಮನೆಯವನು ಎಂದು ಹೇಳಲು ಅಷ್ಟು ಸಾಕಿತ್ತು.

ಈ ಚಿತ್ರ ತುಸು ಹೆಚ್ಚೇ ಅಚ್ಚುಕಟ್ಟಾಗಿದೆ ಎಂದು ನಮಗೆ ಅನ್ನಿಸಿದ್ದುಂಟು. ನಲವತ್ತು ವರ್ಷಗಳ ಮೇಲೆ ಸೋನಲ್ ಕುಲಕರ್ಣಿ-ಜೋಶಿ ಅದೇ ಊರನ್ನು ಮತ್ತೆ ಅಧ್ಯಯನ ಮಾಡಿ, 2016ರಲ್ಲಿ ಆ ಮಾದರಿಯನ್ನೇ ವಿಮರ್ಶೆಗೆ ಒಡ್ಡಿದರು. ಶಾಲೆ, ರಾಜ್ಯಭಾಷೆ ಬಂದ ಮೇಲೆ ಸಂತೆಯ ವ್ಯಾಕರಣ ಹಾಗೇ ಉಳಿಯುವುದು ಕಷ್ಟ. ಅಂಕಲಗಿಯ ಕಡೆಯೂ ಈಗ ಉರ್ದು ಶಾಲೆ ಬಿಡಿಸಿ, ಕನ್ನಡ ಶಾಲೆ ಬಿಡಿಸಿ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕುವ ತಂದೆತಾಯಿ ಕಡಿಮೆಯಿಲ್ಲ. ಆ ಮಗುವಿಗೆ ‘ದೋ’ ಮತ್ತು ‘ಟೂ’ ಬಂಧುಗಳೆಂದು ಅಲ್ಲಿ ಯಾರಾದರೂ ಹೇಳುತ್ತಾರೆಯೆ?

ಕಥೆಗಾರರಾಗಿ ನಮ್ಮ ತಕರಾರು ಬೇರೆಯೇ ಇದೆ. ಕನ್ನಡದ ಕಥೆ, ಸಿನಿಮಾಗಳಲ್ಲಿ ಮುಸಲ್ಮಾನ ಪಾತ್ರ ಎರಡೇ ಬಗೆಯಲ್ಲಿ ಬಾಯಿ ಬಿಡುತ್ತದೆ. ಒಂದು, ಲಖನೌದಿಂದ ನಿನ್ನೆ ಇಳಿದವನಂತೆ. ಇಲ್ಲವೆ ನಾಲ್ಕು ತಲೆಮಾರಾದರೂ ಕನ್ನಡ ಕಲಿಯದ ನಗೆಪಾಟಲಿನ ಸಾಬಿಯಂತೆ. ಕನ್ನಡದ ಎಲುಬಿನ ಮೇಲೆ ಉರ್ದುವಿನ ಮೈ ತೊಟ್ಟ ಮಾತೊಂದು ಈ ನಾಡಿನಲ್ಲಿದೆ ಎಂಬುದು ಬರೆಯುವವರ ಕಿವಿಗೆ ಬಿದ್ದಿಲ್ಲ. ಬಾನು ಮುಷ್ತಾಕ್ ಅವರಂಥವರು ಅದನ್ನು ಕೇಳಿಸಿಕೊಂಡಿದ್ದಾರೆ. 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಪಡೆದ ಅವರ ಕಥೆಗಳ ಅನುವಾದದಲ್ಲಿ ದೀಪಾ ಭಾಸ್ತಿಯವರು ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಓರೆ ಅಕ್ಷರದಲ್ಲಿ ಬೇರೆಯಾಗಿ ತೋರಿಸದೆ, ಇಂಗ್ಲಿಷ್ ಸಾಲಿನೊಳಗೆ ಹಾಗೆಯೇ ಕೂರಿಸಿದರು.

2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದೊಳಗೆ ನುಗ್ಗಿದಾಗ ನಮ್ಮ ಕಡೆ ಕನ್ನಡದವರು ‘ಹೊಳಿ ಬಂತು’ ಎಂದರು, ನಮ್ಮವರು ‘ನದ್ದಿ ಆಯಾ’ ಎಂದರು. ಈ ಮಾತನ್ನು ನಾವೊಂದು ಕಥೆಯಲ್ಲಿ ಬಳಸಿದೆವು. ಪ್ರಕಟಿಸಿದ ಪತ್ರಿಕೆಯವರು ವ್ಯಾಕರಣ ಸರಿಪಡಿಸಿ ‘ನದೀ ಆಯೀ’ ಎಂದು ಅಚ್ಚು ಹಾಕಿದ್ದರು. ಸಂಕಲನಕ್ಕೆ ಕೊಡುವಾಗ ನಾವು ಅದನ್ನು ಅಳಿಸಿ ‘ಆಯಾ’ ಎಂದೇ ಬರೆದೆವು.